ಲೇತಿನ ಸುತ್ತ ಬಿಟ್ಟ ಸಂದು

ಗೆಳೆಯರೇ, ರಾಯಚೂರಿನ ನಮ್ಮ ಎಣ್ಣೆ ಗಿರಣಿಯಲ್ಲಿ ತಿರುಪು ಕಡೆಯುವ ಹೊಸ ಲೇತ್ ಯಂತ್ರವನ್ನು ಇಂದು ಚಾಲೂ ಮಾಡಬೇಕಿತ್ತು. ಗಿರಣಿಯ ಎಂಜಿನ್ನಿನ ನಡುಕ ಅದಕ್ಕೆ ತಾಗಬಾರದೆಂದು ಕಾಂಕ್ರೀಟ್ ಬುನಾದಿಯ ಸುತ್ತ ನಾಲ್ಕು ಬೆರಳು ಸಂದು ಬಿಟ್ಟಿದ್ದೆ. ದೇವದುರ್ಗಕ್ಕೆ ಹೋಗಿ ವಾರ ಬಿಟ್ಟು ಬಂದರೆ, ಸಾಹುಕಾರರು ಆ ಸಂದಿಗೆ ಸಿಮೆಂಟ್ ತುಂಬಿಸಿಬಿಟ್ಟಿದ್ದಾರೆ.

"ಜಿಲ್ಲಾ ನೋಡ್ಕೊಳ್ಳೊ ತಾಲೂಕ್ದಾರ ಸಾಹೇಬ್ರು ನೋಡಾಕ ಬರ್ತಾರ, ಮಿಸ್ತ್ರಿ. ನೆಲ ಒಡದಂಗ ಕಾಣಾಕತ್ತಿತ್ತು" ಎಂದರು.

ನಾನು ಲೇತಿನ ಮೇಲೆ ಕಂಠಮಟ್ಟ ನೀರು ತುಂಬಿದ ಲೋಟ ಇಟ್ಟು ಎಂಜಿನ್ ಶುರು ಮಾಡಿಸಿದೆ. ನೀರು ನಡುಗಿ ಹೊರಚೆಲ್ಲಿತು.

"ಹಿಂಗ ನಡುಗಿದ್ರ ಒಂದು ತಿರುಪೂ ಅಳತಿಗೆ ಬರಂಗಿಲ್ರಿ, ಸಾವ್ಕಾರ್ರ. ಸಿಮೆಂಟ್ ಒಡಿಸ್ರಿ" ಎಂದೆ.

ಅವರು ಲೋಟವನ್ನೇ ನೋಡಿದರು. "ಅಷ್ಟು ಯಾಕ ತುಂಬಿದಿ? ಅರ್ಧ ಹಾಕು."

ಅರ್ಧ ಹಾಕಿದೆ, ಚೆಲ್ಲಲಿಲ್ಲ. ಬುನಾದಿ ಗಟ್ಟಿಯಾಗಿದೆ ಎಂದು ಅವರು ಪೇಡೆ ಹಂಚಿದರು. ನಾನೂ ಒಂದು ತಿಂದೆ.