ಹಿರೇಮಠ ಮಾಸ್ತರರ ಕಾಳಜಿ

ಏನು ಹೇಳಲಿ ಗೆಳೆಯರೇ, ನನ್ನ ಇಪ್ಪತ್ತೆಂಟು ವರ್ಷದ ಸ್ಕೂಟರಿಗೆ ಹುಬ್ಬಳ್ಳಿಯಿಂದ ತಂದು ಹಾಕಿಸಿದ್ದ ಹೊಸ ಕ್ಲಚ್ ಪ್ಲೇಟು ಇವತ್ತು ಮತ್ತೆ ಕೈಕೊಟ್ಟಿತು. ಈ ವರ್ಷ ಇದು ಮೂರನೆಯದು. ಬಿಸಿಲಲ್ಲಿ ನವಲಗುಂದದ ಬಸ್‌ಸ್ಟ್ಯಾಂಡಿನ ತನಕ ನೂಕಿಕೊಂಡು ಹೋಗಿ ಮೆಕ್ಯಾನಿಕ್ ಇಮಾಮಸಾಬರ ಮುಂದೆ ನಿಲ್ಲಿಸಿದೆ.

ಬಿಚ್ಚಿ ನೋಡಿದ ಅವರು, "ಈಗಿನ ಮಾಲು ಬಾಳಿಕಿ ಬರಂಗಿಲ್ರಿ ಸರ. ಹಳೇ ಗಟ್ಟಿ ಪ್ಲೇಟು ಹಿರೇಮಠ ಮಾಸ್ತರ ಗಾಡ್ಯಾಗಷ್ಟ ಐತಿ," ಎಂದರು.

ಊರಲ್ಲಿ ಈ ಮಾಡೆಲ್ಲಿನ ಸ್ಕೂಟರ್ ಉಳಿದಿರುವುದು ಎರಡೇ. ಒಂದು ನನ್ನದು, ಇನ್ನೊಂದು ಆ ನಿವೃತ್ತ ಮಾಸ್ತರರದು. ನಾನು ದನಿ ತಗ್ಗಿಸಿ, "ಅವರ ಗಾಡಿ ನಿಂತ ದಿನ ಮೊದಲ ನನಗ ಹೇಳ್ರಿ," ಎಂದೆ.

ಇಮಾಮಸಾಬರು ತಲೆ ಎತ್ತಲಿಲ್ಲ. "ನಿಮ್ಮ ಗಾಡಿ ಬಗ್ಗೆ ಅವರೂ ಹಂಗ ಹೇಳಿ ಎರಡು ವರ್ಷ ಆತ್ರಿ. ಹೆಡ್‌ಲೈಟು ಅವರಿಗೇ ಬೇಕಂತ."

ಮಾಸ್ತರರು ದಿನಾ ಬೆಳಿಗ್ಗೆ ನಮ್ಮ ಕಟ್ಟೆಯ ಮುಂದೆ ನಿಂತು, "ಗಾಡಿ ಹ್ಯಾಂಗೈತ್ರಿ?" ಎಂದು ಕೇಳುತ್ತಿದ್ದರು. ಪ್ರೀತಿಯಿಂದ ಕೇಳುತ್ತಾರೆಂದು ನಾನು ಕರೆದು ಚಹಾ ಕುಡಿಸುತ್ತಿದ್ದೆ.

ನಾಲ್ಕನೆಯ ಹೊಸ ಪ್ಲೇಟು ಹಾಕಿಸಿಕೊಂಡು ಮನೆಗೆ ಬರುವಾಗ ಅವರೇ ತಮ್ಮ ಸ್ಕೂಟರ್ ಮೇಲೆ ಎದುರಾದರು. "ಸಾವಕಾಶ ಹೋಗ್ರಿ, ಎಲ್ಲೂ ಬಡಿಸಿಕೋಬ್ಯಾಡ್ರಿ," ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹೆಡ್‌ಲೈಟನ್ನೇ ನೋಡುತ್ತಿದ್ದರು.

ಬೈಯೋಣವೆಂದರೆ, ನನ್ನ ಕಿವಿಯೂ ಅವರ ಇಂಜಿನ್ನಿನ ಸದ್ದಿನ ಮೇಲೇ ಇತ್ತು.