ಸ್ವಾಮಿ ಕೂತಿದ್ದ ಟರ್ಮಿನಲ್

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಮ್ಮ ತುಮಕೂರಿನ ಆಫೀಸಿನ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಬಂತು. ಪಕ್ಕದ ಸೀಟಿನ ಕುಣಿಗಲ್ ಮಹಾಶಯನಿಗೆ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ, ಅಂದರೆ ಟರ್ಮಿನಲ್, ಅಪಶಕುನವಾಗಿ ಕಂಡಿತು. ಮಾಡುವ ಕೆಲಸ ಬದಿಗಿಟ್ಟು ಬೇರೆ ಟರ್ಮಿನಲ್ ಹಾಕಿಕೊಂಡ, ಅದನ್ನು ಗಾಜಿನ ಹಾಗೆ ಪಾರದರ್ಶಕ ಮಾಡಿದ, ಹಿಂದೆ ಯಡಿಯೂರು ಸಿದ್ಧಲಿಂಗೇಶ್ವರನ ಫೋಟೊ ಕೂರಿಸಿದ. ಅಕ್ಷರವೂ ಬಿಳಿ, ಸ್ವಾಮಿಯ ಹಣೆಯ ವಿಭೂತಿಯೂ ಬಿಳಿ. ಅಲ್ಲಿಗೆ ಬಂದ ಸಾಲು ಕಣ್ಣಿಗೇ ಬೀಳುತ್ತಿರಲಿಲ್ಲ.

“ಅಕ್ಷರನಾದ್ರೂ ಹಸಿರು ಮಾಡ್ಕೊಳೋ” ಅಂದೆ.

“ಸ್ವಾಮಿ ಮುಖಕ್ಕೆ ಹಸಿರು ಬಳಿಯೋಕಾಗುತ್ತೇನ್ಲಾ?” ಅಂತ ನನಗೇ ಉಗಿದ. ಬಿಳಿ ಬಳಿಯಬಹುದಂತೆ!

ಒಂದು ದಿನ ಯಾವುದೋ ಹಳೇ ಫೈಲ್ ಅಳಿಸಲು ಹೊರಟ. ಏನು ತಪ್ಪು ಟೈಪ್ ಮಾಡಿದನೋ, ಹಾಜರಿಯ ಇಡೀ ಫೋಲ್ಡರನ್ನೇ ಅಳಿಸಲಾ ಅಂತ ಕಂಪ್ಯೂಟರ್ ಕೇಳಿತು. ಆ ಪ್ರಶ್ನೆ ಸರಿಯಾಗಿ ವಿಭೂತಿಯ ಮೇಲೆ ಬಂದು ಕೂತಿತು. ಓದಲಾಗದಿದ್ದರೂ ಈ ಭೂಪ ಹೌದು ಅಂತ ಒತ್ತಿದ. ಇಡೀ ಆಫೀಸಿನ ಹಾಜರಿ ಮಾಯ!

ಅವನು ರಜೆ ಹಾಕಿ ಯಡಿಯೂರಿಗೆ ಹೋದ. ಕಾಗದದ ಹಾಜರಿ ನೋಡಿಕೊಂಡು, ಬೆರಳು ನೋಯುವವರೆಗೂ ಎಲ್ಲವನ್ನೂ ಮತ್ತೆ ಟೈಪ್ ಮಾಡಿದವನು ನಾನು. ಅವನು ವಾಪಸ್ ಬಂದು, ತುಂಬಿದ ಫೋಲ್ಡರ್ ನೋಡಿ, ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕೀಬೋರ್ಡ್ ಮೇಲೆ ಪ್ರಸಾದ ಇಟ್ಟ.

“ನೋಡಿದ್ಯಾ, ಸ್ವಾಮಿ ಎಲ್ಲಾ ವಾಪಸ್ ಕೊಟ್ರು ಕಣೋ!”