ಬೆಚ್ಚಗಿದ್ದ ಎಂಜಿನ್

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಬ್ರೇಕಣ್ಣ ಎಂದು ಕರೆಯುತ್ತಾರೆ. ವಾಹನ ತಪಾಸಣಾ ಕೇಂದ್ರದಲ್ಲಿ ಬ್ರೇಕು ಪರೀಕ್ಷೆ ಮಾಡುತ್ತಲೇ ತಲೆ ನರೆಸಿಕೊಂಡವರು. ನಿವೃತ್ತರಾದ ಮೇಲೆ ಜನರ ವ್ಯಾಪಾರಕ್ಕೆಲ್ಲ ಬ್ರೇಕು ಹಾಕತೊಡಗಿದರು. ಹಳೇ ಮೋಟಾರ್ ಸೈಕಲ್ ಕೊಳ್ಳುವವರು ಯಾರೇ ಆಗಲಿ, ಮೊದಲು ಇವರನ್ನು ಕರೆದುಕೊಂಡು ಹೋಗಬೇಕು. ಹೋದ ದೊಡ್ಡಪ್ಪ ಗಾಡಿಯ ಅಂದಚಂದ ನೋಡುವುದಿಲ್ಲ. ಹಿಂದಿನ ವರ್ಷಗಳ ತಪಾಸಣೆ ಪತ್ರಗಳನ್ನೆಲ್ಲ ಕೇಳಿ ಪಡೆದು, ಸೀಟಿನ ಮೇಲೆ ಹರಡಿ, ಕಿಲೋಮೀಟರು ವರ್ಷದಿಂದ ವರ್ಷಕ್ಕೆ ಏರಿದೆಯೋ, ನಡುವೆ ಎಲ್ಲಾದರೂ ಇಳಿದಿದೆಯೋ ಎಂದು ಬೆರಳಿಟ್ಟು ನೋಡುತ್ತಾರೆ.

"ಒಂದ್ಸಲನೂ ಫೇಲಾಗದ ಗಾಡಿನ ನಂಬಬೇಡಿ," ಎನ್ನುವುದು ಅವರ ಮಾತು. "ಫೇಲಾಗಿ, ರಿಪೇರಿ ಮಾಡಿಸಿ, ಮತ್ತೆ ಪಾಸಾಗಿದ್ರೆ ಅದರ ಮಾಲೀಕ ಯೋಗ್ಯ ಅಂತ ಲೆಕ್ಕ."

ಕೊನೆಗೆ ಎಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದ್ದರೆ ಮಾತು ಮುಂದುವರಿಯುತ್ತದೆ. ಬೆಚ್ಚಗಿದ್ದರೆ ಎದ್ದು ಬಂದುಬಿಡುತ್ತಾರೆ. ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯನ್ನು ಮಾರುವವರು ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿರುತ್ತಾರಂತೆ.

ಅಕ್ಕ, ಅಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಅವಳಿಗೆ ಸಿಕ್ಕಿತ್ತು. ಬಹಳ ದಿನದಿಂದ ಆಸೆಪಟ್ಟಿದ್ದ ಕೆಲಸ. ಸೋಮವಾರದೊಳಗೆ ಸ್ವಂತ ಗಾಡಿ ಇರಬೇಕು, ಇಲ್ಲದಿದ್ದರೆ ಅದು ಮುಂದಿನವರ ಪಾಲು.

ಊರಿಗೆಲ್ಲ ಗಾಡಿ ಹುಡುಕಿಕೊಡುವ ಮನುಷ್ಯ ಮಗಳ ವಿಷಯದಲ್ಲಿ ಮೀನಮೇಷ ಎಣಿಸತೊಡಗಿದರು. ಒಂದರ ಚೈನು ಸಡಿಲ, ಇನ್ನೊಂದರ ಕನ್ನಡಿ ಸೊಟ್ಟ, ಮತ್ತೊಂದರ ಹಾರನ್ನು ಕೆಮ್ಮಿದ ಹಾಗಿದೆ.

"ದೋಷ ಗಾಡಿಲಿಲ್ಲ ಕಣ್ರೀ, ನಿಮ್ಮ ಎದೇಲಿದೆ," ಎಂದರು ದೊಡ್ಡಮ್ಮ.

ಶನಿವಾರ ಊಟಕ್ಕೆ ಕೂತಾಗ ಅಕ್ಕ ಹೇಳಿದಳು: "ಗಡಿಯಾರದ ಅಂಗಡಿಯವರು ಗಾಡಿ ಮಾರ್ತಾರಂತೆ. ನಾಳೆ ನಾನೇ ನೋಡ್ಕೊಂಡು ಬರ್ತೀನಿ. ನೀನು ಬರಬೇಡಪ್ಪ."

"ಹೋಗು, ನಿನ್ನಿಷ್ಟ," ಎಂದು ದೊಡ್ಡಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ನಾನೂ ಅಕ್ಕನ ಜೊತೆಗೆ ಹೊರಟೆ. ದೊಡ್ಡಪ್ಪ ಹಾಲು ತರಲು ಹೋಗಿದ್ದರು. ಅವರು ಬಂದು ಮತ್ತೇನಾದರೂ ಅಡ್ಡ ಹಾಕುವ ಮೊದಲೇ ಹೊರಬಿದ್ದೆವು.

ಗಡಿಯಾರದವರ ಮನೆ ಅಂಗಡಿಯ ಹಿಂದೆಯೇ. ಕಣ್ಣು ಮಂಜಾಗಿದೆ, ಇನ್ನು ಓಡಿಸುವ ಧೈರ್ಯವಿಲ್ಲ ಎಂದು ಅವರೇ ಹೇಳಿಕೊಂಡರು. ಅಕ್ಕ ತಪಾಸಣೆಯ ಪತ್ರಗಳನ್ನು ಸೀಟಿನ ಮೇಲೆ ಹರಡಿದಳು. ಕಿಲೋಮೀಟರು ಮೆಟ್ಟಿಲು ಹತ್ತಿದ ಹಾಗೆ ನೆಟ್ಟಗೆ ಏರಿತ್ತು. ಒಂದು ವರ್ಷದ ತಪಾಸಣೆಯಲ್ಲಿ ಹಿಂಬದಿಯ ಬ್ರೇಕು ಫೇಲಾಗಿತ್ತು; ಅದೇ ವಾರ ಹೊಸದು ಹಾಕಿಸಿ ಪಾಸು ಮಾಡಿಸಿದ್ದರು. ಅಕ್ಕನ ಮುಖ ಅರಳಿತು. ಕೊನೆಗೆ ಅಪ್ಪನ ಹಾಗೇ ಬಗ್ಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟಳು.

ಬೆಚ್ಚಗಿತ್ತು.

"ಬೆಳಿಗ್ಗೆ ಯಾರಾದ್ರೂ ಓಡಿಸಿದ್ರಾ?"

"ಇಲ್ಲಮ್ಮ... ಯಾರೂ ಇಲ್ಲ. ಬಿಸಿಲಿಗಿರಬೇಕು," ಎಂದರು ಗಡಿಯಾರದವರು, ಗೋಡೆ ನೋಡುತ್ತ. ಗಾಡಿ ನಿಂತಿದ್ದುದು ನೆರಳಿನಲ್ಲಿ.

ಅಕ್ಕ ಪತ್ರಗಳನ್ನು ಮಡಚಿ ಕೊಟ್ಟಳು. "ಸಂಜೆ ಇನ್ನೊಬ್ಬರು ಬರ್ತಾರಮ್ಮ, ಯೋಚನೆ ಮಾಡು," ಎಂದು ಅವರು ಹೇಳುತ್ತಿದ್ದಂತೆ ಹೊರಟೇಬಿಟ್ಟಳು.

ಮನೆಯಲ್ಲಿ ದೊಡ್ಡಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. "ಪತ್ರ ಎಲ್ಲ ಚೆನ್ನಾಗಿತ್ತಪ್ಪ," ಎಂದಳು ಅಕ್ಕ, ಅಳು ನುಂಗಿಕೊಂಡು. "ಆದ್ರೆ ಎಂಜಿನ್ ಬಿಸಿ ಮಾಡಿಟ್ಟಿದ್ರು. ಕೇಳಿದ್ರೆ ಸುಳ್ಳು ಬೇರೆ. ನೀನು ಹೇಳಿಕೊಟ್ಟ ಹಾಗೇ ಎದ್ದು ಬಂದೆ. ಆ ಕೆಲಸದ ಆಸೆ ಬಿಟ್ಟೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದೊಡ್ಡಪ್ಪ ತಮ್ಮ ಅಂಗೈ ನೋಡಿಕೊಂಡರು.

"ಬಿಸಿ ಮಾಡಿದ್ದು ನಾನೇ ಕಣೇ."

"ಹಾಲು ತರ್ತೀನಿ ಅಂತ ಹೋಗಿ ಖಾಲಿ ಪಾತ್ರೆ ಹಿಡ್ಕೊಂಡು ಬಂದಿದ್ದು ಇದಕ್ಕಾ!" ದೊಡ್ಡಮ್ಮ ಅಡುಗೆಮನೆಯಿಂದಲೇ ಕೂಗಿದರು.

"ನೀನು ಬರಬೇಡ ಅಂದಿದ್ದೆಯಲ್ಲ, ಅದಕ್ಕೆ ಯಾರಿಗೂ ಹೇಳಬೇಡಿ ಅಂತ ಗಡಿಯಾರದವರ ಹತ್ರ ಮಾತು ತಗೊಂಡಿದ್ದೆ. ಪಾಪ, ಅವರಿಗೆ ಸುಳ್ಳು ಹೇಳೋಕೂ ಬರಲ್ಲ. ತಣ್ಣಗಿದ್ದ ಗಾಡಿ ಒಂದೇ ಒದೆತಕ್ಕೆ ಸ್ಟಾರ್ಟ್ ಆಯ್ತು. ಏನಾದ್ರೂ ತಪ್ಪು ಸಿಗಲಿ ಅಂತಲೇ ಬೀದಿ ಬೀದಿ ಸುತ್ತಿದೆ. ಸಿಗಲಿಲ್ಲ." ದೊಡ್ಡಪ್ಪ ಹೊಸ್ತಿಲ ಮೇಲೆ ಕೂತರು. "ಕೆಲಸದಲ್ಲಿದ್ದಾಗ ಆಕ್ಸಿಡೆಂಟಲ್ಲಿ ನುಜ್ಜುಗುಜ್ಜಾದ ಗಾಡಿನೂ ನನ್ನ ಮುಂದೇ ತಂದು ನಿಲ್ಲಿಸ್ತಿದ್ರು. ಈಗ ಅದೆಲ್ಲದರ ಮೇಲೂ ನೀನೇ ಕೂತ ಹಾಗೆ ಕಾಣುತ್ತೆ. ಹೆದರಿಕೆ ಆಗುತ್ತೆ ಮಗಳೇ."

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಅವಳು ಅವರ ಪಕ್ಕ ಕೂತು ಆ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನಗೂ ಹೆದರಿಕೆನೇ ಅಪ್ಪ. ಅದಕ್ಕೇ ಅಲ್ವಾ, ನೀನು ಹೇಳಿದ್ದರಲ್ಲಿ ಒಂದನ್ನೂ ಬಿಡದೆ ನೋಡಿದ್ದು?"

"ಗುರುವಿಗೇ ತಿರುಮಂತ್ರ ಆಯ್ತಲ್ಲ! ಏಳಿ, ಇನ್ನೊಬ್ಬರು ಬರೋದ್ರೊಳಗೆ ಹೋಗಿ," ಎಂದು ದೊಡ್ಡಮ್ಮ ಇಬ್ಬರನ್ನೂ ಬಾಗಿಲಾಚೆ ದಬ್ಬಿದರು.

ಮಧ್ಯಾಹ್ನ ಗಾಡಿ ಬಂತು. ಅಕ್ಕ ಓಡಿಸುತ್ತಿದ್ದಳು, ಹಿಂದೆ ದೊಡ್ಡಪ್ಪ ಅವಳ ಭುಜ ಬಿಗಿಯಾಗಿ ಹಿಡಿದು ತಿರುವು ತಿರುವಿಗೂ "ಬ್ರೇಕು, ಬ್ರೇಕು" ಎಂದು ಕೂಗುತ್ತಿದ್ದರು. ಬೀದಿಯವರಿಗೆ ನಕ್ಕು ನಕ್ಕು ಸಾಕಾಯಿತು.

ಬೆಚ್ಚಗಿನ ಎಂಜಿನ್ ನಂಬಬೇಡಿ ಎಂದು ದೊಡ್ಡಪ್ಪ ಈಗಲೂ ಊರಿಗೆಲ್ಲ ಹೇಳುತ್ತಾರೆ. ಸಂಜೆ ತಿರುಗಾಟ ಮುಗಿಸಿ ಬಂದವರು, ಚಪ್ಪಲಿ ಬಿಡುವ ಮೊದಲು, ಅಂಗಳದಲ್ಲಿ ನಿಂತ ಮಗಳ ಗಾಡಿಯ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ ಮುಖದ ಗಂಟು ಸಡಿಲವಾಗುತ್ತದೆ.

"ಈಗ ತಾನೇ ಬಂದಿದ್ದಾಳೆ," ಎಂದು ಒಳಕ್ಕೆ ಕೂಗುತ್ತಾರೆ, "ಮಗೂಗೆ ಚಹಾ ಕೊಟ್ಯಾ?"